ಮನೆಯಲ್ಲಿ ಸ್ಕೀ ಬೈಂಡಿಂಗ್ ಹೊಂದಿಸುವುದು: ನಂಬರಿನ ಸ್ಕ್ರೂ ಕೊನೆಗೆ ಮುಟ್ಟಿ

ಡಿಸೆಂಬರ್ ಬಂತೆಂದರೆ ಮುಂಬಯಿಯ ಮುಲುಂಡಿನ ನಮ್ಮ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿಯೇ ಇರುತ್ತದೆ. ಗುಲ್ಮಾರ್ಗಿಗೋ ಔಲಿಗೋ ಹೊರಟ ಪರಿಚಯದವರು ಡೊಂಬಿವಲಿಯಿಂದ, ಠಾಣೆಯಿಂದ, ಒಮ್ಮೊಮ್ಮೆ ಪುಣೆಯ ಕೋಥ್ರೂಡಿನಿಂದಲೂ ಸ್ಕೀ ಹೊತ್ತು ತರುತ್ತಾರೆ. ಹೆಚ್ಚಿನವು ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ಅಣ್ಣನೋ ಭಾವನೋ ಕೊಟ್ಟ ಹಳೆಯ ಜೋಡಿ. ಬೂಟು ಮಾತ್ರ ಬೇರೆ ಎಲ್ಲೋ ಕೊಂಡದ್ದು. ಬೂಟು ಬದಲಾದರೆ ಬೈಂಡಿಂಗನ್ನು, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಟ್ಟು ಬಿದ್ದಾಗ ಬಿಟ್ಟುಕೊಡುವ ಸಾಧನವನ್ನು, ಮತ್ತೆ ಹೊಂದಿಸಲೇಬೇಕು. ಅಲ್ಲೇ ಎಲ್ಲರೂ ಎಡವುತ್ತಾರೆ.

ಎಡವುವ ಜಾಗವೂ ಒಂದೇ. ಸ್ಕ್ರೂಡ್ರೈವರ್ ಕೈಗೆ ಬಂದ ಕೂಡಲೇ, ಬೂಟು ಎಷ್ಟು ಬಲಕ್ಕೆ ಕಳಚಬೇಕು ಅನ್ನುವ ನಂಬರಿನ ಸ್ಕ್ರೂ ತಿರುಗಿಸುತ್ತಾರೆ. ಅದು ಕೊನೆಯ ಕೆಲಸ. ಅದಕ್ಕೂ ಮೊದಲು ಬೂಟಿನ ಅಟ್ಟೆ, ಬೈಂಡಿಂಗಿನ ಉದ್ದ, ಹಿಂದಿನಿಂದ ಬೀಳುವ ಒತ್ತಡ, ಮುಂಭಾಗದ ಎತ್ತರ ಇಷ್ಟೂ ಸರಿಯಾಗಬೇಕು. ಇವು ತಪ್ಪಿದ್ದರೆ ನಂಬರಿಗೆ ಅರ್ಥವೇ ಇಲ್ಲ. ಬೈಂಡಿಂಗಿನ ಮೇಲಿನ ಸಣ್ಣ ಕಿಟಕಿಯಲ್ಲಿ 4 ಅಂತ ಕಾಣುತ್ತದೆ, ಕಾಲಿನ ಮೇಲೆ ಬೀಳುವ ಬಲ ಬೇರೆಯೇ ಇರುತ್ತದೆ.

ಕಳೆದ ವರ್ಷ ಡೊಂಬಿವಲಿಯಿಂದ ಒಬ್ಬರು ಬಂದಿದ್ದರು, ಮೂಲ ಧಾರವಾಡದ ಕಡೆಯವರು. ಬೂಟಿಟ್ಟು ಹಿಮ್ಮಡಿ ಒತ್ತಿದಾಗ ಸದ್ದಾಯಿತು. "ಟಕ್ ಅಂತಲ್ರೀ, ಇನ್ನೇನ್ ನೋಡೋದೈತಿ?" ಎಂದರು. ನಾನು ಬೂಟಿನ ಮೇಲ್ಭಾಗ ಹಿಡಿದು ಪಕ್ಕಕ್ಕೆ ಅಲುಗಾಡಿಸಿದೆ. ಕಟಕಟ ಆಡಿತು. ಬೈಂಡಿಂಗಿನ ಹಿಂದಿನ ತುಂಡು ಉದ್ದದ ಗುರುತಿನಲ್ಲಿ 311ಕ್ಕೆ ನಿಂತಿತ್ತು. ಅವರ ಬೂಟಿನ ಮೇಲೆ 305 ಅಂತ ಅಚ್ಚಾಗಿತ್ತು. ಬರೀ 6 ಮಿಲಿಮೀಟರ್ ವ್ಯತ್ಯಾಸ. ಟಕ್ ಅನ್ನುವುದಕ್ಕೆ ಅದು ಅಡ್ಡಿಯಾಗಲಿಲ್ಲ. ಆದರೆ ಹಿಮದ ಮೇಲೆ ಆ ಬೂಟು ಯಾವಾಗ ಕಳಚುತ್ತದೋ ಹೇಳಲಾಗದು. ಅವರ ಉದಾಹರಣೆಯನ್ನೇ ಮುಂದೆಯೂ ಇಟ್ಟುಕೊಳ್ಳುತ್ತೇನೆ.

## ಮನೆಯ ಕೆಲಸ ಎಲ್ಲಿಗೆ ನಿಲ್ಲಬೇಕು

ಇಲ್ಲಿ ಹೇಳುವುದೆಲ್ಲ ಮಾಮೂಲಿ ಇಳಿಜಾರಿನ ಸ್ಕೀಯ ಬೈಂಡಿಂಗಿಗೆ ಮಾತ್ರ. ಬೆಟ್ಟ ಹತ್ತುವವರು ಬಳಸುವ ಪಿನ್ ಬೈಂಡಿಂಗಿನ ಲೆಕ್ಕ ಬೇರೆ. ಅದಕ್ಕೆ ಇದನ್ನು ಅನ್ವಯಿಸಬೇಡಿ.

ಮನೆಯಲ್ಲಿ ಮಾಡಬಹುದಾದದ್ದು: ಇರುವ ಬೈಂಡಿಂಗನ್ನು ಅದರ ಜಾಡಿನೊಳಗೇ ಹಿಂದೆ ಮುಂದೆ ಸರಿಸುವುದು, ಒತ್ತಡ ನೋಡುವುದು, ಲೆಕ್ಕ ಹಾಕಿ ನಂಬರ್ ಇಡುವುದು. ಸ್ಕೀಗೆ ಹೊಸ ತೂತು ಕೊರೆಯುವುದು, ಬೈಂಡಿಂಗ್ ಬಿಚ್ಚಿ ಬೇರೆ ಜಾಗಕ್ಕೆ ಕೂರಿಸುವುದು, ಒಳಗಿನ ಸ್ಪ್ರಿಂಗ್ ಬಿಚ್ಚುವುದು, ಮುರಿದ ಪ್ಲಾಸ್ಟಿಕ್ ಅಂಟಿಸುವುದು ಮನೆಯ ಕೆಲಸವಲ್ಲ. ಡ್ರಿಲ್ ಮೆಷಿನ್ ಇದೆ ಅಂತ ಧೈರ್ಯ ಮಾಡಬೇಡಿ.

ಇನ್ನೊಂದು ಮಾತು. ಬೈಂಡಿಂಗ್ ತಯಾರಿಸುವ ಕಂಪನಿಗಳು ಈ ಕೆಲಸವನ್ನು ತರಬೇತಾದ ಮೆಕ್ಯಾನಿಕ್ಕೇ ಮಾಡಬೇಕು ಅನ್ನುತ್ತವೆ. ಅವರ ಹತ್ತಿರ ಬೂಟು ಎಷ್ಟು ಬಲಕ್ಕೆ ಕಳಚುತ್ತದೆ ಅಂತ ಅಳೆಯುವ ಟಾರ್ಕ್ ಮೆಷಿನ್ ಇರುತ್ತದೆ. ನಮ್ಮ ಹತ್ತಿರ ಇಲ್ಲ. ಹಾಗಾಗಿ ಮನೆಯಲ್ಲಿ ಹೊಂದಿಸಿದ್ದನ್ನು ಅರ್ಧ ಕೆಲಸ ಅಂತಲೇ ಎಣಿಸಿ. ಉಳಿದರ್ಧ ಆ ಮೆಷಿನ್ನಿನದು. ಮನೆಯಲ್ಲೇ ತಪ್ಪು ಹಿಡಿಯುವುದರಿಂದ ದೊಡ್ಡ ಲಾಭ ಅಂದರೆ, ಬೂಟು ಬೈಂಡಿಂಗಿಗೆ ಹೊಂದುವುದೇ ಇಲ್ಲ ಅನ್ನುವುದು ಶ್ರೀನಗರಕ್ಕೆ ಇಳಿದ ಮೇಲೆ ಗೊತ್ತಾಗುವ ಪಾಡು ತಪ್ಪುತ್ತದೆ.

## ಬೇಕಾಗುವ ಸಾಮಾನು

ಮುಖ್ಯವಾದದ್ದು ಪೋಜಿಡ್ರೈವ್ 3ನೇ ನಂಬರಿನ ಸ್ಕ್ರೂಡ್ರೈವರ್. ಅಂಗಡಿಯಲ್ಲಿ ಪಿಜೆಡ್ 3 ಅಂತ ಕೇಳಿ. ಮನೆಯಲ್ಲಿರುವ ಫಿಲಿಪ್ಸ್ ಸ್ಕ್ರೂಡ್ರೈವರೂ ಕೂಡುಗುರುತಿನ ಆಕಾರದಲ್ಲೇ ಇರುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಸ್ಕ್ರೂ ತಲೆಯನ್ನು ಟಾರ್ಚ್ ಹಾಕಿ ನೋಡಿ. ಕೂಡುಗುರುತಿನ ನಾಲ್ಕು ಗೀರುಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೀರು ಇದ್ದರೆ ಅದು ಪೋಜಿಡ್ರೈವ್. ಅದಕ್ಕೆ ಫಿಲಿಪ್ಸ್ ಹಾಕಿ ಒತ್ತಿದರೆ ಜಾರಿ ತಲೆ ಸವೆಯುತ್ತದೆ. ತಲೆ ಸವೆದ ಸ್ಕ್ರೂ ಮತ್ತೆ ತಿರುಗುವುದಿಲ್ಲ. ಮುಂಬಯಿಯವರಿಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ನಾಗದೇವಿ ಸ್ಟ್ರೀಟ್ ಇದೆ, ಹುಡುಕಿದರೆ ಸಿಗುತ್ತದೆ. ಕೆಲವು ಬೈಂಡಿಂಗ್‌ಗಳಿಗೆ ದೊಡ್ಡ ಚಪ್ಪಟೆ ಸ್ಕ್ರೂಡ್ರೈವರ್ ಬೇಕು.

ಉಳಿದದ್ದೆಲ್ಲ ಮನೆಯಲ್ಲೇ ಇರುತ್ತದೆ: ಮಿಲಿಮೀಟರ್ ಗುರುತಿರುವ ಟೇಪು, ಟಾರ್ಚ್, ಒಣ ಬಟ್ಟೆ, ಹಳೆಯ ಟೂತ್‌ಬ್ರಶ್, ಒಂದೆರಡು ಕಾಗದದ ಪಟ್ಟಿ, ಮಾಸ್ಕಿಂಗ್ ಟೇಪ್, ತೂಕದ ಯಂತ್ರ. ನಿಮ್ಮ ಬೈಂಡಿಂಗ್ ಮಾದರಿಯ ಕೈಪಿಡಿಯನ್ನು ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಅದಿಲ್ಲದೆ 4ನೇ ಹಂತ ದಾಟಲಾಗದು.

ಕೆಳಗೆ ಚಾಪೆಯನ್ನೋ ಯೋಗ ಮ್ಯಾಟನ್ನೋ ಹಾಸಿ. ಟೈಲ್ಸ್ ಮೇಲೆ ಸ್ಕೀ ಜಾರುತ್ತದೆ. ಮಕ್ಕಳನ್ನು ದೂರ ಇಡಿ. ಬೂಟು ಕಳಚಿದ ಕ್ಷಣ, ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕಿನ ಎರಡು ಕಡ್ಡಿಗಳು ರಪ್ಪನೆ ಕೆಳಗಿಳಿಯುತ್ತವೆ, ಬೆರಳು ಸಿಕ್ಕಿದರೆ ಜಜ್ಜುತ್ತದೆ.

## 1. ಬೂಟಿನ ಅಟ್ಟೆ ನೋಡಿ

ಬೂಟನ್ನು ಮಗುಚಿ. ಹಿಮ್ಮಡಿಯ ಪಕ್ಕದಲ್ಲಿ 295, 305, 317 ಈ ತರಹ ಮೂರಂಕಿಯ ಸಂಖ್ಯೆ ಅಚ್ಚಾಗಿರುತ್ತದೆ. ಅದು ಅಟ್ಟೆಯ ಉದ್ದ, ಮಿಲಿಮೀಟರಿನಲ್ಲಿ. ಬೂಟಿನ ಸೈಜು, ಅಂದರೆ 26.5, 27.5 ಅನ್ನುವುದು ಬೇರೆ. ಅದು ಪಾದದ ಅಳತೆ. ಒಂದೇ ಸೈಜಿನ ಎರಡು ಕಂಪನಿಯ ಬೂಟುಗಳಿಗೆ ಅಟ್ಟೆಯ ಉದ್ದ ಬೇರೆಬೇರೆ ಇರಬಹುದು. "ನನ್ನದೂ 26.5, ಭಾವನದೂ 26.5" ಅಂತ ಹಾಗೇ ಬಿಟ್ಟವರನ್ನು ಬಹಳ ನೋಡಿದ್ದೇನೆ. ಮೂರಂಕಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಆಮೇಲೆ ಅಟ್ಟೆಯ ಜಾತಿ. ಹಳೆಯ ಮಾಮೂಲಿ ಅಟ್ಟೆ ಚಪ್ಪಟೆಯಾಗಿ, ಗಟ್ಟಿ ಪ್ಲಾಸ್ಟಿಕ್ಕಿನದಾಗಿರುತ್ತದೆ. ಅದರ ಮಾನದಂಡ ಐಎಸ್‌ಒ 5355. ನಡೆಯಲು ಸುಲಭವಾಗಲಿ ಅಂತ ಬಂದ ಗ್ರಿಪ್‌ವಾಕ್ ಅಟ್ಟೆ ಸ್ವಲ್ಪ ಬಾಗಿರುತ್ತದೆ, ತಳದಲ್ಲಿ ರಬ್ಬರ್ ಇರುತ್ತದೆ, ಮೇಲೆ ಹೆಸರೂ ಇರುತ್ತದೆ. ಅದು ಐಎಸ್‌ಒ 23223. ಬೆಟ್ಟ ಹತ್ತುವ ಬೂಟಿನದು ಐಎಸ್‌ಒ 9523. ಬೈಂಡಿಂಗಿನ ಮೇಲೋ ಕೈಪಿಡಿಯಲ್ಲೋ ಅದು ಯಾವ ಅಟ್ಟೆಗೆ ಆಗುತ್ತದೆ ಅಂತ ಬರೆದಿರುತ್ತಾರೆ. ಮಾಮೂಲಿ ಅಟ್ಟೆಗೆ ಮಾತ್ರ ಮಾಡಿದ ಬೈಂಡಿಂಗಿಗೆ ಗ್ರಿಪ್‌ವಾಕ್ ಬೂಟು ತುರುಕಿದರೂ ಟಕ್ ಅನ್ನಬಹುದು. ಬಿದ್ದಾಗ ಮಾತ್ರ ರಬ್ಬರ್ ಹಿಡಿದುಕೊಂಡು ಪಕ್ಕಕ್ಕೆ ಜಾರುವುದೇ ಇಲ್ಲ. ಹೊಂದದಿದ್ದರೆ ಇಲ್ಲೇ ನಿಲ್ಲಿ. ಮುಂದಿನ ಯಾವ ಹಂತವೂ ಇದನ್ನು ಸರಿ ಮಾಡುವುದಿಲ್ಲ. ಮಕ್ಕಳ ಬೂಟಿನ ಅಟ್ಟೆಯ ಅಳತೆಯೂ ಬೇರೆ. ದೊಡ್ಡವರ ಬೈಂಡಿಂಗ್ ಎಲ್ಲವೂ ಅದಕ್ಕೆ ಆಗುವುದಿಲ್ಲ.

ಮೂರನೆಯದು ಸವೆತ. ಮಾಮೂಲಿ ಅಟ್ಟೆಯ ಮುಂದಿನ ತುಟಿ, ಅಂದರೆ ಬೈಂಡಿಂಗ್ ಹಿಡಿಯುವ ಅಂಚು, 19 ಮಿಲಿಮೀಟರ್ ದಪ್ಪ, ಹಿಂದಿನದು 30, ಎರಡಕ್ಕೂ ಒಂದು ಮಿಲಿಮೀಟರ್ ಆಚೀಚೆ ಮಾತ್ರ ಅವಕಾಶ. ಕಲ್ಲು, ಸಿಮೆಂಟಿನ ಮೇಲೆ ನಡೆದು ನಡೆದು ಈ ತುಟಿಯ ಮೂಲೆ ದುಂಡಾಗಿದ್ದರೆ ಬೈಂಡಿಂಗ್ ಸರಿಯಾಗಿ ಹಿಡಿಯುವುದಿಲ್ಲ.

ಇನ್ನು ನಮ್ಮ ಕರಾವಳಿಯ ಗಾಳಿಯ ವಿಷಯ. ಇದನ್ನು ಮುಂಬಯಿ, ಗೋವಾದವರು ಗಮನ ಕೊಟ್ಟು ಓದಬೇಕು. ಬಹಳ ಬೂಟುಗಳ ಚಿಪ್ಪು ಪಾಲಿಯುರಿಥೇನ್ ಅನ್ನುವ ಪ್ಲಾಸ್ಟಿಕ್ಕಿನದು. ತೇವದ ಗಾಳಿಯಲ್ಲಿ ವರ್ಷಗಟ್ಟಲೆ ಇದ್ದರೆ ನೀರಿನಂಶ ಅದರೊಳಗಿನ ಬೆಸುಗೆಯನ್ನೇ ಕಡಿಯುತ್ತದೆ. ಹೊರಗಿಂದ ಹೊಸದರ ಹಾಗೇ ಕಾಣುತ್ತದೆ. ಬಾತ್‌ರೂಮಿನ ಮೇಲಿನ ಲಾಫ್ಟ್‌ನಲ್ಲಿ ಹತ್ತು ಮಳೆಗಾಲ ಕಳೆದ ಒಂದು ಜೋಡಿ ನನ್ನ ಕೈಗೆ ಬಂದಿತ್ತು. ಹಿಮ್ಮಡಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದೆ. ಒಣಗಿದ ಬೆಲ್ಲದ ಅಚ್ಚಿನ ಮೂಲೆಯ ಹಾಗೆ ಚೂರು ಕೈಗೆ ಬಂತು. ಬಕಲ್ ಸುತ್ತ ಕೂದಲೆಳೆಯಂಥ ಬಿರುಕು, ಅಂಟಂಟಾದ ಮೈ, ಪುಡಿ ಉದುರುವ ಅಟ್ಟೆ ಇವುಗಳಲ್ಲಿ ಒಂದು ಕಂಡರೂ ಆ ಬೂಟು ಬೇಡ. ಹತ್ತು ವರ್ಷ ದಾಟಿದ ಬೂಟನ್ನು ಅನುಮಾನದಿಂದಲೇ ನೋಡಿ.

## 2. ಒರೆಸಿ, ಅಲುಗಾಡಿಸಿ ನೋಡಿ

ಒಣ ಬಟ್ಟೆ, ಬ್ರಶ್ಶಿನಿಂದ ಧೂಳು ತೆಗೆಯಿರಿ. ಡಬ್ಲ್ಯುಡಿ-40 ಹೊಡೆಯಬೇಡಿ. ಒಳಗೆ ಕಂಪನಿಯವರು ತುಂಬಿದ ಗ್ರೀಸನ್ನು ಅದು ತೊಳೆದುಹಾಕುತ್ತದೆ. ಕೀಲಿಗೆ ಎಣ್ಣೆ ಬಿಡುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು.

ಮುಂದಿನ ತುಂಡನ್ನು ಟೋ ಪೀಸ್ ಅನ್ನುತ್ತಾರೆ. ಬೂಟಿನ ಮೂತಿ ಕೂರುವಲ್ಲಿ ಒಂದು ನುಣುಪಾದ ಪಟ್ಟಿ ಇರುತ್ತದೆ, ಕೆಲವದರಲ್ಲಿ ಅದು ಪಕ್ಕಕ್ಕೆ ಸ್ವಲ್ಪ ಜರುಗುತ್ತದೆ. ಇದಕ್ಕೆ ಎಎಫ್‌ಡಿ ಅಂತ ಹೆಸರು. ಬೂಟು ಪಕ್ಕಕ್ಕೆ ಜಾರಿ ಬಿಡಿಸಿಕೊಳ್ಳುವುದು ಇದರ ಮೇಲೆಯೇ. ಇದು ಕಿತ್ತಿದ್ದರೆ, ಗೀರು ಬಿದ್ದು ಒರಟಾಗಿದ್ದರೆ, ಜರುಗಬೇಕಾದದ್ದು ಜರುಗದಿದ್ದರೆ ಬದಲಿಸುವವರೆಗೆ ಸ್ಕೀ ಬಳಸಬೇಡಿ.

ಈಗ ಟೋ ಪೀಸನ್ನೂ ಹಿಂದಿನ ಹೀಲ್ ಪೀಸನ್ನೂ ಕೈಯಲ್ಲಿ ಹಿಡಿದು ಎತ್ತಿ, ತಿರುಚಿ ನೋಡಿ. ಸ್ಕೀಯಿಂದ ಮೇಲೇಳಬಾರದು. ಕೂರಿಸಿದ ಸ್ಕ್ರೂ ತಿರುಗಿಸಿದಷ್ಟೂ ಸುಮ್ನೆ ಸುತ್ತುತ್ತಿದ್ದರೆ ಒಳಗಿನ ತೂತು ಕೆಟ್ಟಿದೆ ಅಂತ ಅರ್ಥ. ಫೆವಿಕ್ವಿಕ್, ಎಂ-ಸೀಲ್ ಬೇಡ, ಅಂಗಡಿಗೇ ಹೋಗಬೇಕು. ಕಡೆಗೆ ಬ್ರೇಕ್ ನೋಡಿ. ಕಡ್ಡಿಗಳು ಸ್ಕೀಯ ಅಂಚಿಗೆ ತಾಗದೆ ಇಳಿಯಬೇಕು. ಹಾಗಂತ ಸ್ಕೀಗಿಂತ ತುಂಬ ಅಗಲವಾಗಿ ಚಾಚಿಕೊಂಡಿದ್ದರೂ ಹಿಮಕ್ಕೆ ಸಿಕ್ಕಿಕೊಳ್ಳುತ್ತವೆ.

## 3. ಉದ್ದ ಹೊಂದಿಸಿ

ಜಾಡಿನ ಮೇಲೆ ಸರಿಯುವ ಬೈಂಡಿಂಗ್‌ಗಳಲ್ಲಿ ಮಿಲಿಮೀಟರ್ ಗುರುತು ಇರುತ್ತದೆ. ಟೋ, ಹೀಲ್ ಎರಡೂ ಸರಿಯುವಂತಿದ್ದರೆ ಎರಡನ್ನೂ ನಿಮ್ಮ ಅಟ್ಟೆಯ ಸಂಖ್ಯೆಗೇ ನಿಲ್ಲಿಸಿ. ಒಂದನ್ನೇ ಸರಿಸಿ ಉದ್ದ ಕೂಡಿಸಿದರೆ ನೀವು ಸ್ಕೀಯ ನಡುವಿನಿಂದ ಹಿಂದಕ್ಕೋ ಮುಂದಕ್ಕೋ ಹೋಗಿಬಿಡುತ್ತೀರಿ. ಬೂಟಿನ ಪಕ್ಕದಲ್ಲಿ ಅಟ್ಟೆಯ ನಡುವಿನ ಗುರುತು ಇದೆ, ಸ್ಕೀ ಮೇಲೂ ಒಂದು ಗೆರೆ ಇದೆ. ಎರಡೂ ಹತ್ತಿರ ಬರಬೇಕು.

ಟೋ ಪೀಸ್ ಅಲುಗದೆ ಕೂತಿರುವ ಬೈಂಡಿಂಗ್‌ಗಳಲ್ಲಿ ಹೀಲ್ ಪೀಸ್ ಮಾತ್ರ ಸರಿಯುತ್ತದೆ, ಅದೂ ಸ್ವಲ್ಪವೇ. ಜಾಡಿನ ಕೊನೆಗೆ ಬಂದರೂ ಬೂಟು ಹಿಡಿಯದಿದ್ದರೆ ಬಲವಂತ ಮಾಡಬೇಡಿ. ಆ ಬೈಂಡಿಂಗನ್ನು ಬಿಚ್ಚಿ ಬೇರೆ ಜಾಗಕ್ಕೆ ಕೂರಿಸಬೇಕು, ಅದು ಅಂಗಡಿಯ ಕೆಲಸ.

## 4. ಫಾರ್ವರ್ಡ್ ಪ್ರೆಶರ್: ಎಲ್ಲರೂ ಬಿಟ್ಟುಬಿಡುವ ಹಂತ

ಮೂರನೆಯ ಹಂತಕ್ಕೇ ಕೆಲಸ ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ಆ ಗುರುತು ಬರೀ ಅಂದಾಜಿಗೆ. ನಿಜವಾದ ಅಳತೆ ಬೂಟು ಒಳಗೆ ಕೂತ ಮೇಲೆ ಗೊತ್ತಾಗುವುದು.

ಸ್ಕೀ ನೆಟ್ಟಗೆ ಇರುವುದಿಲ್ಲ. ತಿರುವಿನಲ್ಲಿ, ಉಬ್ಬಿನ ಮೇಲೆ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದಾಗ ಟೋ ಮತ್ತು ಹೀಲ್ ನಡುವಿನ ದೂರ ಕಡಿಮೆಯಾಗುತ್ತದೆ, ಅದಕ್ಕೆ ಹೀಲ್ ಪೀಸ್ ಹಿಂದಕ್ಕೆ ಜಾರಲು ಒಂದು ಸ್ಪ್ರಿಂಗ್ ಇಟ್ಟಿರುತ್ತಾರೆ. ಅದೇ ಸ್ಪ್ರಿಂಗ್ ಬೂಟನ್ನು ಸದಾ ಮುಂದಕ್ಕೆ, ಟೋ ಪೀಸಿನ ಕಡೆಗೆ ಒತ್ತಿ ಹಿಡಿದಿರುತ್ತದೆ. ಈ ಒತ್ತಡವೇ ಫಾರ್ವರ್ಡ್ ಪ್ರೆಶರ್. ಕಡಿಮೆಯಾದರೆ ಸ್ಕೀ ಬಾಗಿ ನೆಟ್ಟಗಾಗುವ ಹೊತ್ತಿಗೆ ಬೂಟು ಸಡಿಲವಾಗಿ, ಬೀಳದೆಯೇ ಕಳಚಿಕೊಳ್ಳುತ್ತದೆ. ಜಾಸ್ತಿಯಾದರೆ ಬೂಟು ಎರಡರ ನಡುವೆ ಬಿಗಿಯಾಗಿ ಸಿಕ್ಕಿಕೊಂಡು, ಕಳಚಬೇಕಾದಾಗ ಕಳಚುವುದಿಲ್ಲ. ಎರಡೂ ಕಡೆಯ ತಪ್ಪನ್ನು ನಂಬರಿನ ಸ್ಕ್ರೂ ತಿರುಗಿಸಿ ಸರಿ ಮಾಡಲಾಗದು.

ಮಾಡುವ ಕ್ರಮ ಹೀಗೆ. ಖಾಲಿ ಬೂಟನ್ನು ಟೋ ಪೀಸಿಗೆ ಇಟ್ಟು, ಹಿಮ್ಮಡಿಯನ್ನು ಕೈಯಿಂದ ಬಲವಾಗಿ ಒತ್ತಿ ಕೂರಿಸಿ. ಹೀಲ್ ಪೀಸಿನ ಹಿಂದೆ ಅಥವಾ ಪಕ್ಕದಲ್ಲಿ ಒತ್ತಡ ತೋರಿಸುವ ಒಂದು ಗುರುತು ಇರುತ್ತದೆ. ಇದು ಕಂಪನಿಗೊಂದು ತರಹ. ಮಾರ್ಕರ್ ಕಂಪನಿಯ ಬಹಳ ಮಾದರಿಗಳಲ್ಲಿ ಹಿಂದಿನ ಸ್ಕ್ರೂವಿನ ತಲೆಯೇ ಗುರುತು. ಅದು ಸುತ್ತಲಿನ ಕವಚದ ಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು, ಹೊರಗೂ ಚಾಚಬಾರದು, ಒಳಗೂ ಇಳಿಯಬಾರದು. ಬೇರೆಯವುಗಳಲ್ಲಿ ಸಣ್ಣ ನಾಲಿಗೆಯೋ, ಕಿಟಕಿಯೊಳಗಿನ ಗೆರೆಯೋ ಇರುತ್ತದೆ. ಕೈಪಿಡಿಯಲ್ಲಿ ಚಿತ್ರ ಇದೆ. ನಿಮ್ಮ ಮಾದರಿಯ ಚಿತ್ರವನ್ನೇ ನೋಡಿ, ಗೆಳೆಯನ ಸ್ಕೀಯನ್ನು ನೋಡಿ ಅನುಕರಿಸಬೇಡಿ.

ಗುರುತು ಸರಿಯಿಲ್ಲದಿದ್ದರೆ ಬೂಟು ಕಳಚಿ. ಹೀಲ್ ಪೀಸನ್ನು ಒಂದೇ ಒಂದು ಹಲ್ಲು ಸರಿಸಿ. ಸ್ಕ್ರೂ ಮಾದರಿಯದಾದರೆ ಕಾಲು ಸುತ್ತು ತಿರುಗಿಸಿ. ಮತ್ತೆ ಬೂಟು ಕೂರಿಸಿ, ಮತ್ತೆ ನೋಡಿ. ಬೂಟು ಒಳಗಿರುವಾಗಲೇ ತಿರುಗಿಸುತ್ತ ಗುರುತು ನೋಡುವ ತಪ್ಪು ಬಹಳ ಮಂದಿ ಮಾಡುತ್ತಾರೆ. ಅಟ್ಟೆ ಬಿಗಿ ಹಿಡಿದುಕೊಂಡಿರುವುದರಿಂದ ಗುರುತು ಸರಿಯಾಗಿ ಬಂದ ಹಾಗೆ ಕಾಣುತ್ತದೆ, ಕಳಚಿ ಹಾಕಿದರೆ ಬೇರೆಯೇ ತೋರಿಸುತ್ತದೆ. ಕಳಚಿ, ಸರಿಸಿ, ಹಾಕಿ, ನೋಡಿ. ಡೊಂಬಿವಲಿಯವರ ಬೂಟಿಗೆ ಹೀಗೆ ನಾಲ್ಕು ಸಲ ಮಾಡಿದ ಮೇಲೆ ಸ್ಕ್ರೂ ತಲೆ ಕವಚದ ಮಟ್ಟಕ್ಕೆ ಬಂತು. ಬೆರಳ ತುದಿ ಸವರಿದರೆ ಏರೂ ಇಲ್ಲ, ತಗ್ಗೂ ಇಲ್ಲ. ಮೊದಲು ಕಟಕಟ ಆಡುತ್ತಿದ್ದ ಬೂಟು ಆಗ ಸ್ಕೀಯ ಜೊತೆಗೇ ಅಲುಗಿತು.

ಎಡ ಬಲ ಎರಡೂ ಸ್ಕೀಗಳಿಗೆ, ಎರಡೂ ಬೂಟಿನಿಂದ ನೋಡಿ. ಒಂದು ಸರಿಯಾಯಿತು ಅಂತ ಇನ್ನೊಂದನ್ನು ಅದರ ಅಳತೆಗೇ ಇಟ್ಟು ಬಿಡಬೇಡಿ.

## 5. ಟೋ ಪೀಸಿನ ಎತ್ತರ

ಕೆಲವು ಬೈಂಡಿಂಗ್‌ಗಳು ಇದನ್ನು ತಾವೇ ಹೊಂದಿಸಿಕೊಳ್ಳುತ್ತವೆ, ಕೆಲವದರಲ್ಲಿ ಬೇರೆ ಸ್ಕ್ರೂ ಇರುತ್ತದೆ. ಬೂಟು ಕೂರಿಸಿ, ಅಟ್ಟೆಗೂ ಎಎಫ್‌ಡಿ ಪಟ್ಟಿಗೂ ನಡುವೆ ಕಾಗದದ ಪಟ್ಟಿ ಇಟ್ಟು ಎಳೆಯಿರಿ. ಸ್ವಲ್ಪ ಹಿಡಿದು, ಹರಿಯದೆ ಈಚೆ ಬರಬೇಕು. ಹರಿದರೆ ಬಿಗಿ ಜಾಸ್ತಿ. ಗಾಳಿಯಲ್ಲಿ ಎಳೆದ ಹಾಗೆ ಬಂದರೆ ಸಡಿಲ. ಎಷ್ಟು ಸಂದು ಬಿಡಬೇಕು ಅನ್ನುವುದು ಮಾದರಿಗೆ ತಕ್ಕಂತೆ ಬದಲಾಗುತ್ತದೆ, ಕೈಪಿಡಿ ಹೇಳಿದ್ದೇ ಕೊನೆಯ ಮಾತು.

## 6. ನಂಬರನ್ನು ಕಾಗದದ ಮೇಲೆ ಹುಡುಕಿ

ಇಲ್ಲಿ ಸ್ಕ್ರೂಡ್ರೈವರ್ ಕೆಳಗಿಡಿ. ಪೆನ್ನು ಹಿಡಿಯಿರಿ.

ಕಿಟಕಿಯಲ್ಲಿ ಕಾಣುವ ಸಂಖ್ಯೆಯನ್ನು ಎಲ್ಲರೂ ಡಿನ್ ಅನ್ನುತ್ತಾರೆ. ಜಾಸ್ತಿಯಾದಷ್ಟೂ ಬೂಟು ಕಳಚಲು ಹೆಚ್ಚು ಬಲ ಬೇಕು. ಇದನ್ನು ಆರಿಸುವ ಪಟ್ಟಿ ಐಎಸ್‌ಒ 11088 ಮಾನದಂಡದಲ್ಲಿದೆ, ಬೈಂಡಿಂಗ್ ಕೈಪಿಡಿಗಳಲ್ಲೂ ಇರುತ್ತದೆ. ತೂಕದ ಮೇಲೆ ಅಂದಾಜು ಕಟ್ಟುವುದು, ಪಕ್ಕದವರನ್ನು ಕೇಳಿ ಇಡುವುದು ಎರಡೂ ಬೇಡ. ಐದು ವಿಷಯ ಬೇಕು: ತೂಕ, ಎತ್ತರ, ವಯಸ್ಸು, ಸ್ಕೀ ಮಾಡುವ ರೀತಿ, ಅಟ್ಟೆಯ ಉದ್ದ.

ಪಟ್ಟಿಯ ಸಾಲುಗಳಿಗೆ ಅಕ್ಷರದ ಹೆಸರಿದೆ. ದೊಡ್ಡವರಿಗೆ ಹೆಚ್ಚಾಗಿ ಬೇಕಾಗುವವು ಇವು. ಎಚ್ ಸಾಲು 42ರಿಂದ 48 ಕಿಲೋ, 148 ಸೆಂಟಿಮೀಟರ್‌ವರೆಗೆ. ಐ ಸಾಲು 49ರಿಂದ 57 ಕಿಲೋ, 149ರಿಂದ 157 ಸೆಂಟಿಮೀಟರ್. ಜೆ ಸಾಲು 58ರಿಂದ 66 ಕಿಲೋ, 158ರಿಂದ 166. ಕೆ ಸಾಲು 67ರಿಂದ 78 ಕಿಲೋ, 167ರಿಂದ 178. ಎಲ್ ಸಾಲು 79ರಿಂದ 94 ಕಿಲೋ, 179ರಿಂದ 194.

ತೂಕ ಒಂದು ಸಾಲು, ಎತ್ತರ ಇನ್ನೊಂದು ಸಾಲು ತೋರಿಸಿದರೆ ಮೇಲಿನ ಸಾಲನ್ನೇ, ಅಂದರೆ ಕಡಿಮೆ ನಂಬರಿನದನ್ನೇ ಹಿಡಿಯಬೇಕು. ವಯಸ್ಸು 50 ಅಥವಾ ಮೇಲಿದ್ದರೆ, ಇಲ್ಲವೇ 9 ಅಥವಾ ಕೆಳಗಿದ್ದರೆ, ಇನ್ನೊಂದು ಸಾಲು ಮೇಲಕ್ಕೆ ಹೋಗಬೇಕು. ಸ್ಕೀ ಮಾಡುವ ರೀತಿ ಮೂರು ತರಹ. ನಿಧಾನವಾಗಿ, ಸಣ್ಣ ಇಳಿಜಾರಿನಲ್ಲಿ ಹೋಗುವವರು ಮೊದಲನೆಯ ವರ್ಗ, ಅವರಿಗೆ ಸಾಲು ಬದಲಾಗದು. ಎರಡನೆಯ ವರ್ಗಕ್ಕೆ ಒಂದು ಸಾಲು ಕೆಳಗೆ. ವೇಗವಾಗಿ, ಕಡಿದಾದ ಇಳಿಜಾರಿನಲ್ಲಿ ಹೋಗುವ ಮೂರನೆಯ ವರ್ಗಕ್ಕೆ ಎರಡು ಸಾಲು ಕೆಳಗೆ. ವರ್ಷಕ್ಕೆ ಒಂದು ವಾರ ಹಿಮ ನೋಡುವ ನಾವು ಬಹುತೇಕ ಮೊದಲನೆಯ ವರ್ಗದವರೇ. ಇದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ, ನಾನೂ ಅದರಲ್ಲೇ ಇದ್ದೇನೆ.

ಡೊಂಬಿವಲಿಯವರ ಲೆಕ್ಕ ನೋಡಿ. ತೂಕ 72 ಕಿಲೋ, ಹಾಗಾಗಿ ಕೆ ಸಾಲು. ಎತ್ತರ 165, ಅದು ಜೆ ಸಾಲು. ಎರಡರಲ್ಲಿ ಮೇಲಿನದು ಜೆ. ವಯಸ್ಸು 52, ಆದ್ದರಿಂದ ಒಂದು ಸಾಲು ಮೇಲೆ, ಐ. ರೀತಿ ಮೊದಲನೆಯ ವರ್ಗ, ಬದಲಾವಣೆ ಇಲ್ಲ. ಅಟ್ಟೆ 305, ಅಂದರೆ ಪಟ್ಟಿಯಲ್ಲಿ ಅಟ್ಟೆಯ ಉದ್ದ 291ರಿಂದ 310 ಇರುವ ಕಂಬಸಾಲು. ಐ ಸಾಲು ಅಲ್ಲಿ ಕೊಡುವ ಸಂಖ್ಯೆ 3.5.

ಅವರ ಸ್ಕೀ ಮೇಲೆ ಇದ್ದದ್ದು 8.5. ಅದು ತಪ್ಪಾಗಿ ಇಟ್ಟದ್ದಲ್ಲ. ಆ ಸ್ಕೀ ಕೊಟ್ಟ ಅವರ ಭಾವ 88 ಕಿಲೋ, ಆರಡಿ ಆಳು, ಚಿಕ್ಕ ವಯಸ್ಸು, ವರ್ಷವಿಡೀ ಆಲ್ಪ್ಸ್‌ನಲ್ಲಿ ವೇಗವಾಗಿ ಇಳಿಯುವವರು. ಎಲ್ ಸಾಲಿನಿಂದ ಎರಡು ಕೆಳಗೆ ಎನ್, ಅಟ್ಟೆ 311, ಪಟ್ಟಿ ಕೊಡುವುದು 8.5. ಅವರಿಗೆ ಸರಿಯಾದ ಸಂಖ್ಯೆ ಇವರ ಮೊಣಕಾಲ ಕೆಳಗಿನ ಎಲುಬಿಗೆ ಅಪಾಯ. ತೂಕ ಮಾತ್ರ ನೋಡಿ ಕೆ ಸಾಲು ಹಿಡಿದಿದ್ದರೂ 5.5 ಬರುತ್ತಿತ್ತು. ಎತ್ತರವನ್ನೂ ವಯಸ್ಸನ್ನೂ ಬಿಟ್ಟಿದ್ದಕ್ಕೆ ಎರಡು ಅಂಕ ಜಾಸ್ತಿ.

ಬೈಂಡಿಂಗಿಗೂ ಒಂದು ವ್ಯಾಪ್ತಿ ಇದೆ, 3ರಿಂದ 10, 4ರಿಂದ 12 ಹೀಗೆ. ನಿಮ್ಮ ಸಂಖ್ಯೆ ಆ ವ್ಯಾಪ್ತಿಯೊಳಗೇ ಇರಬೇಕು. 3.5 ಬೇಕಾದವರಿಗೆ 4ರಿಂದ ಶುರುವಾಗುವ ಬೈಂಡಿಂಗ್ ಆಗದು. ಮಕ್ಕಳ ವಿಷಯದಲ್ಲಂತೂ ಇದನ್ನು ಎರಡು ಸಲ ನೋಡಿ.

## 7. ಈಗ ನಂಬರ್ ಇಡಿ

ಬೂಟು ತೆಗೆದಿಡಿ. ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಂಖ್ಯೆ ಏರುತ್ತದೆ. ಸ್ಕ್ರೂ ಮೇಲೆ ಕಣ್ಣಿಡಬೇಡಿ, ಕಿಟಕಿಯೊಳಗಿನ ಗುರುತಿನ ಮೇಲೆ ಇಡಿ. ಟಾರ್ಚ್ ಹಾಕಿ, ತಲೆ ಬಗ್ಗಿಸಿ ನೇರವಾಗಿ ನೋಡಿ. ಓರೆಯಾಗಿ ನೋಡಿದರೆ ಅರ್ಧ ಅಂಕ ಆಚೀಚೆ ಕಾಣುತ್ತದೆ.

ಒಟ್ಟು ನಾಲ್ಕು ಕಡೆ ಇಡಬೇಕು: ಎರಡು ಟೋ, ಎರಡು ಹೀಲ್. ನಾಲ್ಕೂ ಒಂದೇ ಸಂಖ್ಯೆ. ನಾಲ್ಕನೆಯದನ್ನು ಮರೆತವರು ನಮ್ಮ ಹಾಲ್‌ನಲ್ಲೇ ಮೂವರು ಸಿಕ್ಕಿದ್ದಾರೆ. ಇಟ್ಟ ಮೇಲೆ ಮಾಸ್ಕಿಂಗ್ ಟೇಪಿನ ಮೇಲೆ ಹೆಸರು, ಅಟ್ಟೆಯ ಉದ್ದ, ಸಂಖ್ಯೆ, ತಾರೀಖು ಬರೆದು ಸ್ಕೀಗೆ ಅಂಟಿಸಿ. ಮನೆಯಲ್ಲಿ ಇಬ್ಬರು ಮೂವರು ಸ್ಕೀ ಮಾಡುವವರಿದ್ದರೆ ಇದು ಬೇಕೇ ಬೇಕು.

ಮಳೆಗಾಲದಲ್ಲಿ ಸ್ಪ್ರಿಂಗ್ ಸಡಿಲ ಮಾಡಿಡಬೇಕಾ ಅಂತ ಕೇಳುತ್ತಾರೆ. ನಾನು ಮಾಡುವುದಿಲ್ಲ. ಸಡಿಲ ಮಾಡಿ ಡಿಸೆಂಬರಿನಲ್ಲಿ ಮತ್ತೆ ಇಡಲು ಮರೆಯುವ ಅಪಾಯವೇ ದೊಡ್ಡದು. ಜೂನಿಗೆ ಮೊದಲು ಒಣಗಿಸಿ, ಪ್ಲಾಸ್ಟಿಕ್ ಸುತ್ತದೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಒಳಕೋಣೆಯಲ್ಲಿ ಇಟ್ಟರೆ ಸಾಕು.

## 8. ಕೈಯಿಂದ ಪರೀಕ್ಷೆ

ಖಾಲಿ ಬೂಟನ್ನು ಕೂರಿಸಿ. ಒಬ್ಬರು ಸ್ಕೀಯನ್ನು ಚಾಪೆಗೆ ಒತ್ತಿ ಹಿಡಿಯಲಿ. ಬೂಟಿನ ಮೂತಿಯನ್ನು ಅಂಗೈಯಿಂದ ಪಕ್ಕಕ್ಕೆ ಕೆಲವು ಮಿಲಿಮೀಟರ್ ತಳ್ಳಿ, ಬಿಡಿ. ಚಟ್ಟನೆ ನಡುವಿಗೆ ಮರಳಬೇಕು. ಎಡಕ್ಕೆ, ಬಲಕ್ಕೆ ಮೂರು ಮೂರು ಸಲ ಮಾಡಿ. ನಿಧಾನವಾಗಿ ತೆವಳಿಕೊಂಡು ಬಂದರೆ, ಪಕ್ಕದಲ್ಲೇ ನಿಂತರೆ, ಎಡಕ್ಕೊಂದು ಬಲಕ್ಕೊಂದು ತರಹ ಅನಿಸಿದರೆ ಕೊಳೆಯೋ, ಎಎಫ್‌ಡಿಯೋ, ಎತ್ತರವೋ ತಪ್ಪಿದೆ. 2ನೇ ಹಂತಕ್ಕೆ ವಾಪಸ್ ಹೋಗಿ. ಆಮೇಲೆ ನಾಲ್ಕೈದು ಸಲ ಬೂಟು ಹಾಕಿ ತೆಗೆದು, ಫಾರ್ವರ್ಡ್ ಪ್ರೆಶರ್ ಗುರುತು ಮತ್ತೊಮ್ಮೆ ನೋಡಿ.

ಬೂಟು ತೊಟ್ಟು, ಮನೆಯಲ್ಲೇ ಕಾಲು ತಿರುಚಿ ಕಳಚಿಸುವ ಪ್ರಯೋಗ ಮಾಡಬೇಡಿ. ಸಂಖ್ಯೆ ತಪ್ಪಿದ್ದರೆ ಅದು ಗೊತ್ತಾಗುವುದು ಮೊಣಕಾಲಿನ ಮೂಲಕ.

## 9. ಮೆಷಿನ್ನಿಗೆ ಹಾಕಿಸಿ

ಬುಕಿಂಗ್ ಮಾಡುವಾಗಲೇ ಅಲ್ಲಿಯ ಸ್ಕೀ ಅಂಗಡಿಗೆ ಫೋನ್ ಮಾಡಿ, "ಟಾರ್ಕ್ ಟೆಸ್ಟ್ ಮಾಡುವ ಮೆಷಿನ್ ಇದೆಯಾ?" ಅಂತ ನೇರವಾಗಿ ಕೇಳಿ. "ನೋಡಿ ಹೇಳ್ತೀವಿ" ಅಂದರೆ ಇಲ್ಲ ಅಂತಲೇ ತಿಳಿಯಿರಿ, ಬೇರೆಯವರನ್ನು ಕೇಳಿ. ಹಳೆಯ ಬೈಂಡಿಂಗಾದರೆ ಮಾದರಿಯ ಹೆಸರನ್ನೂ ಹೇಳಿ. ಕಂಪನಿಗಳು ಎಷ್ಟೋ ಹಳೆಯ ಮಾದರಿಗಳ ಹೊಣೆ ಬಿಟ್ಟಿರುತ್ತವೆ, ಅಂಥವನ್ನು ಒಳ್ಳೆಯ ಅಂಗಡಿಯವರು ಮುಟ್ಟುವುದಿಲ್ಲ. ಮೆಷಿನ್ ಸಿಗದಿದ್ದರೆ, ಪರೀಕ್ಷೆ ಮಾಡಿಟ್ಟ ಬಾಡಿಗೆ ಸ್ಕೀ ತೆಗೆದುಕೊಂಡು ನಿಮ್ಮದನ್ನು ರೂಮಿನಲ್ಲಿ ಬಿಡುವುದೇ ವಾಸಿ. ಇಷ್ಟು ದೂರ ಹೊತ್ತು ತಂದದ್ದು ಅನ್ನುವ ಬೇಸರ ಆಗುತ್ತದೆ, ನನಗೂ ಆಗಿದೆ.

ಸ್ಕ್ರೂಡ್ರೈವರನ್ನು ಚೆಕ್ ಇನ್ ಬ್ಯಾಗಿನಲ್ಲಿ ಹಾಕಿ. ಕೈಚೀಲದಲ್ಲಿಟ್ಟರೆ ಏರ್‌ಪೋರ್ಟಿನಲ್ಲಿ ತೆಗೆದಿಡುತ್ತಾರೆ.

## ಹಿಮದ ಮೇಲೆ ಗಮನಿಸಬೇಕಾದ ಸೂಚನೆಗಳು

ಇಳಿಜಾರಿನ ಬೈಂಡಿಂಗ್ ಮುಖ್ಯವಾಗಿ ಕಾಪಾಡುವುದು ಮೊಣಕಾಲ ಕೆಳಗಿನ ಎಲುಬನ್ನು. ಮೊಣಕಾಲೊಳಗಿನ ಲಿಗಮೆಂಟ್ ಹರಿಯುವುದನ್ನು ಅದು ಖಾತ್ರಿಯಾಗಿ ತಡೆಯದು. ಎಷ್ಟು ಚೆನ್ನಾಗಿ ಹೊಂದಿಸಿದ್ದರೂ ಇದು ನೆನಪಿರಲಿ.

ಮೊದಲ ಇಳಿತವನ್ನು ಮಕ್ಕಳು ಕಲಿಯುವ, ಇಳಿಜಾರು ತೀರ ಕಡಿಮೆ ಇರುವ ಜಾಗದಲ್ಲೇ ಮಾಡಿ. ನೆಟ್ಟಗೆ ಹೋಗುತ್ತಿರುವಾಗಲೇ ಬೂಟು ಕಳಚಿದರೆ ಎಲ್ಲರಿಗೂ ಬರುವ ಮೊದಲ ಯೋಚನೆ ನಂಬರ್ ಏರಿಸೋಣ ಅಂತ. ನನ್ನ ಎರಡನೇ ಪ್ರವಾಸದಲ್ಲಿ ನಾನೂ ಹಾಗೇ ಮಾಡಿದೆ. ಅದೇ ಸಂಜೆ ಬಿದ್ದಾಗ ಬೂಟು ಕಳಚಲೇ ಇಲ್ಲ, ಆರು ವಾರ ಕೋಲು ಹಿಡಿದು ನಡೆದೆ. ತಪ್ಪು ಇದ್ದದ್ದು ಫಾರ್ವರ್ಡ್ ಪ್ರೆಶರ್‌ನಲ್ಲಿ. ಆದ್ದರಿಂದ ಕಳಚಿದರೆ ಮೊದಲು ಅಟ್ಟೆ ನೋಡಿ. ತಳದಲ್ಲಿ ಹಿಮ ಗಟ್ಟಿಯಾಗಿ ಮೆತ್ತಿಕೊಂಡಿದ್ದರೆ ಬೂಟು ಪೂರ್ತಿ ಕೂತಿರುವುದಿಲ್ಲ. ಸ್ಕೀ ಕೋಲಿನ ತುದಿಯಿಂದ ಕೆರೆದು, ಎಎಫ್‌ಡಿ ಮೇಲಿನ ಹಿಮವನ್ನೂ ಒರೆಸಿ ಮತ್ತೆ ಹಾಕಿ. ಆಮೇಲೆ ಒತ್ತಡದ ಗುರುತು ನೋಡಿ.

ಬಿದ್ದಾಗ ಕಾಲು ತಿರುಚಿಯೂ ಸ್ಕೀ ಬಿಡದಿದ್ದರೆ, ತಿರುವಿನಲ್ಲಿ ಹಿಮ್ಮಡಿ ಮೇಲೆದ್ದಂತೆ ಅನಿಸಿದರೆ, ಬೂಟು ಕಟಕಟ ಅಂದರೆ, ಒಂದು ಕಾಲಿನದು ಮಾತ್ರ ಪದೇಪದೇ ಕಳಚಿದರೆ ಅಲ್ಲೇ ನಿಲ್ಲಿ. ಚಳಿಯಲ್ಲಿ, ಗ್ಲೌಸ್ ಹಾಕಿದ ಕೈಯಲ್ಲಿ, ಇಳಿಜಾರಿನಲ್ಲಿ ನಿಂತು ಸ್ಕ್ರೂ ತಿರುಗಿಸಬೇಡಿ. ಎರಡೂ ಸ್ಕೀ ಕಳಚಿ ಹೆಗಲ ಮೇಲೆ ಇಟ್ಟುಕೊಂಡು, ಸ್ಕೀ ಇಳಿಯುವ ದಾರಿಯ ಅಂಚಿನಲ್ಲಿ ನಡೆದು ಕೆಳಗೆ ಬನ್ನಿ. ಸ್ಕೀ ಜೊತೆಗೆ ಬೂಟನ್ನೂ ಅಂಗಡಿಯವರ ಮುಂದೆ ಇಡಿ, ಟೇಪಿನ ಮೇಲೆ ನೀವು ಬರೆದದ್ದನ್ನು ತೋರಿಸಿ.